ವಾಲ್ವ್ ಇಲ್ಲದ ಆಂಪಿನ ಪರವಾಗಿ ನಾಲ್ಕು ಮಾತು

ಗಿಟಾರ್ ನುಡಿಸುವ ಹುಡುಗರು ಯಾರಾದರೂ ನಮ್ಮ ಮನೆಗೆ ಬಂದರೆ ಅವರ ಕಣ್ಣು ಮೊದಲು ಹೋಗುವುದು ಚಾವಡಿಯ ಮೂಲೆಯಲ್ಲಿರುವ ಕಪ್ಪು ಪೆಟ್ಟಿಗೆಯ ಕಡೆಗೆ. ಗಿಟಾರಿನ ಸೌಂಡನ್ನು ದೊಡ್ಡದು ಮಾಡುವ ಆಂಪು ಅದು. ‘ಓ, ಜಾಝ್ ಕೋರಸ್ಸಾ? ಒರಿಜಿನಲ್ಲಾ ಅಂಕಲ್?’ ಫೋನ್ ತೆಗೆದು ಒಂದು ಫೋಟೋ. ಕೇಬಲ್ ಸಿಕ್ಕಿಸಿ ಸ್ವಲ್ಪ ಹೊತ್ತು ನುಡಿಸುತ್ತಾರೆ. ಆಮೇಲೆ ಮುಖ ಸಪ್ಪೆಯಾಗುತ್ತದೆ. ಹೆಚ್ಚಿನವರು ಮರ್ಯಾದೆಗೆ ಏನೂ ಹೇಳುವುದಿಲ್ಲ. ಸಲಿಗೆ ಇದ್ದವರು ಹೇಳಿಯೇ ಬಿಡುತ್ತಾರೆ: ‘ಕ್ಲೀನ್ ಉಂಟು. ಆದ್ರೆ ಟ್ಯೂಬಿನ ಆ ವಾರ್ಮ್‌ನೆಸ್ ಇಲ್ಲ ಅಲ್ವಾ?’

ಟ್ಯೂಬ್ ಅಂದರೂ ವಾಲ್ವ್ ಅಂದರೂ ಒಂದೇ, ಹಳೇ ರೇಡಿಯೋಗಳಲ್ಲಿ ಇರುತ್ತಿದ್ದ ಗಾಜಿನ ಕೊಳವೆ. ನನ್ನ ಆಂಪಿನಲ್ಲಿ ಅದರ ಬದಲು ಟ್ರಾನ್ಸಿಸ್ಟರ್. ಈ ಮಾತು ನನಗೆ ತುಂಬಾ ಸಮಯದಿಂದ ಕಿರಿಕಿರಿ ಮಾಡುತ್ತಿದೆ. ಅವರು ಹೇಳುವುದು ಪೂರ್ತಿ ಸುಳ್ಳು ಅಂತ ಅಲ್ಲ. ಆದರೆ ಹೀಗೆ ಹೇಳುವವರಲ್ಲಿ ಎಷ್ಟೋ ಜನ ಟ್ಯೂಬ್ ಆಂಪಿನ ಎದುರು ಒಮ್ಮೆಯೂ ನಿಂತವರಲ್ಲ. ಮಂಗಳೂರಿನಲ್ಲಿ ನಿಲ್ಲಬೇಕು ಅಂದರೂ ಅಂಥ ಆಂಪು ಸುಲಭಕ್ಕೆ ಸಿಗುವುದಿಲ್ಲ. ಅವರಿಗೆ ಟ್ಯೂಬಿನ ಸೌಂಡು ಗೊತ್ತಿರುವುದು ಯೂಟ್ಯೂಬಿನಿಂದ, ಅದೂ ಇಯರ್‌ಫೋನಿನಲ್ಲಿ. ಟ್ರಾನ್ಸಿಸ್ಟರ್ ಆಂಪು ಅಂದರೆ ದುಡ್ಡಿಲ್ಲದವರು ತೆಗೆದುಕೊಳ್ಳುವುದು, ಟ್ಯೂಬ್ ಅಂದರೆ ಅಸಲಿ ಅನ್ನುವ ತೀರ್ಮಾನ ಮೊದಲೇ ಆಗಿರುತ್ತದೆ. ಕಿವಿ ಆಮೇಲೆ ಅದಕ್ಕೆ ಸಹಿ ಹಾಕುತ್ತದೆ, ಅಷ್ಟೆ.

ಈ ಆಂಪಿನ ಜೊತೆಗೇ ನಾನು ದೊಡ್ಡವನಾದದ್ದು. ಹಾಗಾಗಿ ನನಗೆ ಪಕ್ಷಪಾತ ಉಂಟು, ಇಲ್ಲ ಅನ್ನುವುದಿಲ್ಲ. ಆದರೂ ಸುಮ್ನೆ ಹೊಗಳಲು ಕೂತಿಲ್ಲ. ಈ ಪೆಟ್ಟಿಗೆಯ ಸೌಂಡು ಅರ್ಧ ಆಗುವುದು ನುಡಿಸುವವನ ಕೈಯಲ್ಲಿ. ಇನ್ನರ್ಧ ಆಗುವುದು ಕೋಣೆಯ ಗಾಳಿಯಲ್ಲಿ. ಪೆಟ್ಟಿಗೆಯ ಒಳಗೇ ಎಲ್ಲ ಇರಬೇಕು ಅಂತ ಹುಡುಕುವವರಿಗೆ ಅದು ಸಪ್ಪೆ ಕಂಡರೆ ನನಗೇನೂ ಆಶ್ಚರ್ಯ ಇಲ್ಲ. ನನ್ನ ವಾದ ಇಷ್ಟೇ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು ಅನ್ನಿಸಿತು.

ಮಾವನ ಸಾಮಾನು

ನನ್ನ ಸೋದರಮಾವ ಗಲ್ಫಿನ ಹೋಟೆಲುಗಳಲ್ಲಿ ಬ್ಯಾಂಡಿನ ಜೊತೆ ಗಿಟಾರ್ ನುಡಿಸುತ್ತಿದ್ದರು. ಕರಾವಳಿಯ ಮನೆಗಳಿಗೆ ಗಲ್ಫಿನಿಂದ ಟೇಪ್‌ರೆಕಾರ್ಡರ್, ಸೆಂಟಿನ ಬಾಟಲಿ, ಟ್ಯಾಂಗ್ ಡಬ್ಬ ಬರುತ್ತಿದ್ದ ಕಾಲ ಅದು. ನಮ್ಮ ಮನೆಗೆ ಬಂದದ್ದು 28 ಕಿಲೋ ತೂಕದ ಈ ಪೆಟ್ಟಿಗೆ. ಅತ್ತೆ ಫ್ರಿಜ್ ಬರುತ್ತದೆ ಅಂತ ಕಾಯುತ್ತಿದ್ದರಂತೆ. ರಿಕ್ಷಾದಿಂದ ಇಳಿಸುವಾಗ ಆ ಗಾತ್ರ ನೋಡಿ ಒಂದು ಕ್ಷಣ ಖುಷಿಯೂ ಪಟ್ಟರಂತೆ. ರಟ್ಟು ಬಿಚ್ಚಿದ ಮೇಲೆ ನಡೆದದ್ದನ್ನು ಮಾವ ಕೊನೆಯವರೆಗೂ ನಗುತ್ತಾ ಹೇಳುತ್ತಿದ್ದರು, ಅತ್ತೆ ನಗುತ್ತಿರಲಿಲ್ಲ.

ರೋಲಾಂಡ್ ಜೆಸಿ-120, ಜೆಸಿ ಅಂದರೆ ಜಾಝ್ ಕೋರಸ್. ಇಕುಟಾರೊ ಕಾಕೆಹಾಶಿ ಅನ್ನುವವರು ಜಪಾನಿನ ಒಸಾಕಾದಲ್ಲಿ 1972ರಲ್ಲಿ ರೋಲಾಂಡ್ ಕಂಪನಿ ಶುರುಮಾಡಿದರು. ಈ ಆಂಪು ಬಂದದ್ದು 1975ರಲ್ಲಿ. ಇವತ್ತಿಗೂ ಅದೇ ಹೆಸರಿನಲ್ಲಿ, ಹೆಚ್ಚುಕಡಿಮೆ ಅದೇ ಚಹರೆಯಲ್ಲಿ ತಯಾರಾಗುತ್ತಿದೆ. ಎದುರಿಗೆ 12 ಇಂಚಿನ ಎರಡು ಸ್ಪೀಕರ್, ಅವುಗಳ ಕಾಗದದ ಕೋನಿನ ನಡುವೆ ಬೆಳ್ಳಿ ಬಣ್ಣದ ಟೊಪ್ಪಿ. ಒಳಗೆ 60 ವ್ಯಾಟಿನ ಎರಡು ಪವರ್ ಆಂಪು, ಒಂದೊಂದು ಸ್ಪೀಕರಿಗೆ ಒಂದೊಂದು. ಈ ‘ಒಂದೊಂದಕ್ಕೆ ಒಂದೊಂದು’ ಅನ್ನುವುದನ್ನು ನೆನಪಿಟ್ಟುಕೊಳ್ಳಿ, ಇಡೀ ಆಂಪಿನ ಗುಟ್ಟು ಅಲ್ಲೇ ಇದೆ. ಚಾನೆಲ್ ಎರಡು. ಮೊದಲನೆಯದು ಬರೀ ನಾರ್ಮಲ್: ವಾಲ್ಯೂಮ್, ಟ್ರೆಬಲ್, ಮಿಡಲ್, ಬಾಸ್, ಒಂದು ಬ್ರೈಟ್ ಸ್ವಿಚ್ಚು. ಎರಡನೆಯದರಲ್ಲಿ ಇವುಗಳ ಜೊತೆ ಸೌಂಡನ್ನು ಒಡೆಯುವ ಡಿಸ್ಟಾರ್ಷನ್, ಪ್ರತಿಧ್ವನಿ ಕೊಡುವ ಸ್ಪ್ರಿಂಗ್ ರಿವರ್ಬ್, ಶ್ರುತಿ ನಡುಗಿಸುವ ವೈಬ್ರಾಟೋ ಮತ್ತು ಕೋರಸ್, ಅದರ ವಿಷಯ ಮುಂದೆ.

ಆ ಡಿಸ್ಟಾರ್ಷನ್ ನಾಬಿನ ಬಗ್ಗೆ ಇಲ್ಲೇ ಹೇಳಿ ಮುಗಿಸುತ್ತೇನೆ. ಅದು ಪ್ರಯೋಜನಕ್ಕಿಲ್ಲ. ಪ್ರಪಂಚದಲ್ಲಿ ಈ ಆಂಪನ್ನು ಪ್ರೀತಿಸುವವರೆಲ್ಲ ಒಪ್ಪುವ ಸಂಗತಿ ಇದೊಂದೇ ಇರಬೇಕು. ತಿರುಗಿಸಿದರೆ ಜೀರುಂಡೆಯನ್ನು ಬೆಂಕಿಪೆಟ್ಟಿಗೆಯಲ್ಲಿ ಹಾಕಿ ಅಲ್ಲಾಡಿಸಿದ ಹಾಗೆ ಕೇಳುತ್ತದೆ. ಮಾವ ಅದನ್ನು ಸೊನ್ನೆಗೆ ತಿರುಗಿಸಿ ಮೇಲಿಂದ ಒಂದು ಚೂರು ಸೆಲ್ಲೋಟೇಪ್ ಅಂಟಿಸಿದ್ದರು. ಟೇಪ್ ಹೋದರೂ ಅದರ ಕಂದು ಗುರುತು ಇನ್ನೂ ಇದೆ.

ಕೆಟ್ಟ ಹೆಸರು ಬಂದದ್ದು ಹೇಗೆ

ಟ್ರಾನ್ಸಿಸ್ಟರಿಗೆ ಕೆಟ್ಟ ಹೆಸರು ಸುಮ್ನೆ ಬರಲಿಲ್ಲ. 1947ರ ಡಿಸೆಂಬರಿನಲ್ಲಿ ಬೆಲ್ ಲ್ಯಾಬ್ಸಿನಲ್ಲಿ ಅದು ಹುಟ್ಟಿದ ಮೇಲೆ ರೇಡಿಯೋದವರು ಬೇಗ ಅಪ್ಪಿಕೊಂಡರು. ಗಿಟಾರಿನವರಿಗೆ ಅದು ಬಂದದ್ದು 60ರ ದಶಕದ ಮಧ್ಯದಲ್ಲಿ. 1965ರಲ್ಲಿ ಗಿಟಾರು, ಆಂಪು ಮಾಡುವ ಫೆಂಡರ್ ಕಂಪನಿಯನ್ನು ಅಮೆರಿಕದ ರೇಡಿಯೋ-ಟಿವಿ ಕಂಪನಿ ಸಿಬಿಎಸ್ ಕೊಂಡಿತು. ಅದಾದ ಸ್ವಲ್ಪದರಲ್ಲೇ ಫೆಂಡರಿನ ಟ್ರಾನ್ಸಿಸ್ಟರ್ ಆಂಪುಗಳು ಬಂದವು. ವಾಲ್ವ್ ಬೇಡ, ಭಾರ ಕಡಿಮೆ, ಹೊಸ ಕಾಲದ ಮಾಲು ಅಂತ ಜೋರು ಜಾಹೀರಾತು. ಆದರೆ ಸ್ಟೇಜಿನ ಕೆಲಸಕ್ಕೆ ಅವು ತಡೆಯಲಿಲ್ಲ, ಕೆಲವೇ ವರ್ಷಗಳಲ್ಲಿ ನಿಂತೂ ಹೋದವು. ಆ ಕಾಲದ ಟ್ರಾನ್ಸಿಸ್ಟರುಗಳಿಗೆ, ಅದರಲ್ಲೂ ಜರ್ಮೇನಿಯಂನವಕ್ಕೆ, ಬಿಸಿ ಅಂದರೆ ಆಗುವುದಿಲ್ಲ. ಬಿಸಿಯಾದರೆ ಜಾಸ್ತಿ ಕರೆಂಟ್ ಎಳೆಯುತ್ತವೆ, ಕರೆಂಟ್ ಜಾಸ್ತಿಯಾದರೆ ಇನ್ನೂ ಬಿಸಿಯಾಗುತ್ತವೆ. ಕೊನೆಗೆ ಸುಟ್ಟುಹೋಗುತ್ತವೆ. ಸಿಲಿಕಾನ್ ಬಂದು, ಹೀಟ್‌ಸಿಂಕ್ ದೊಡ್ಡದಾಗಿ, ಸರ್ಕಿಟ್ ಮಾಡುವವರ ಕೈ ಪಳಗುವ ಹೊತ್ತಿಗೆ 70ರ ದಶಕ ಬಂದಿತ್ತು. ಅಷ್ಟರಲ್ಲಿ ಹೆಸರು ಕೆಟ್ಟಾಗಿತ್ತು.

ಎರಡನೇ ಕಾರಣ ಸೌಂಡಿನದ್ದೇ. ಯಾವ ಆಂಪಿಗೂ ಒಂದು ಮಿತಿ ಇದೆ. ಒಳಗಿನ ಪವರ್ ಸಪ್ಲೈ ಎಷ್ಟು ವೋಲ್ಟ್ ಕೊಡುತ್ತದೋ ಅದಕ್ಕಿಂತ ದೊಡ್ಡ ಅಲೆ ಹೊರಗೆ ಬರಲು ಸಾಧ್ಯವಿಲ್ಲ. ಟ್ಯೂಬ್ ಆಂಪು ಆ ಮಿತಿಯ ಹತ್ತಿರ ಬರುವಾಗಲೇ ಅಲೆಯ ತಲೆಯನ್ನು ಮೆಲ್ಲಗೆ ಬಗ್ಗಿಸಲು ಶುರುಮಾಡುತ್ತದೆ. ಜೋರಾಗಿ ಹೊಡೆದರೆ ಒಳಗಿನ ವೋಲ್ಟೇಜೂ ಸ್ವಲ್ಪ ಕುಸಿದು ಸೌಂಡು ಒತ್ತಿದಂತಾಗುತ್ತದೆ. ನಮ್ಮ ಹುಡುಗರು ವಾರ್ಮ್ ಅನ್ನುವುದು ಬಹುಪಾಲು ಇದನ್ನೇ. ಟ್ರಾನ್ಸಿಸ್ಟರ್ ಸರ್ಕಿಟ್ ಹಾಗಲ್ಲ. ಅದರಲ್ಲಿ ನೆಗೆಟಿವ್ ಫೀಡ್‌ಬ್ಯಾಕ್ ಧಾರಾಳ. ಹೊರಗೆ ಹೋಗುವ ಅಲೆಯನ್ನು ಒಳಗೆ ಬಂದ ಅಲೆಯ ಜೊತೆ ಕೂಡಲೇ ಹೋಲಿಸಿ ತಿದ್ದುತ್ತಾ ಇರುವ ವ್ಯವಸ್ಥೆ ಅದು. ಹಾಗಾಗಿ ಕೊನೇ ಗಳಿಗೆಯವರೆಗೂ ಅಲೆ ನೆಟ್ಟಗೆ ಇರುತ್ತದೆ. ಮಿತಿ ದಾಟಿದ ಕೂಡಲೇ ತಲೆ ಚಪ್ಪಟೆ. ಆ ಚಪ್ಪಟೆ ಅಂಚಿನಿಂದ ಹುಟ್ಟುವ ಮೇಲಿನ ಹಾರ್ಮೋನಿಕ್ಕುಗಳು ಕಿವಿಗೆ ಚುಚ್ಚುತ್ತವೆ.

ರೋಲಾಂಡಿನವರ ಜಾಣತನ ಏನೆಂದರೆ ಟ್ಯೂಬನ್ನು ಅಣಕಿಸಲು ಹೋಗದೆ, ಆ ಅಂಚಿಗೇ ಹೋಗದಂಥ ಆಂಪು ಮಾಡಿದ್ದು. (ಡಿಸ್ಟಾರ್ಷನ್ ನಾಬಿನಲ್ಲಿ ಅಣಕಿಸಲು ನೋಡಿದರು, ಫಲ ಆಗಲೇ ಹೇಳಿದ್ದೇನೆ.) ಎರಡು ಕಡೆ ಅರವತ್ತರವತ್ತು ವ್ಯಾಟು, 12 ಇಂಚಿನ ಎರಡು ಸ್ಪೀಕರು. ಮದುವೆ ಹಾಲಿನಲ್ಲಿ ನಾವು ಇಡುವ ವಾಲ್ಯೂಮಿಗೆ ಇದರ ಉಸಿರು ಸ್ವಲ್ಪವೂ ಏರುವುದಿಲ್ಲ. ಮೆಲ್ಲಗೆ ಮೀಟಿದರೆ ಮೆಲ್ಲಗೆ, ಜೋರಾಗಿ ಮೀಟಿದರೆ ಜೋರಾಗಿ. ಒತ್ತುವುದಿಲ್ಲ, ಮುಚ್ಚಿಡುವುದಿಲ್ಲ.

ಮುಚ್ಚಿಡುವುದಿಲ್ಲ ಅನ್ನುವುದೇ ಹುಡುಗರ ತಕರಾರಿನ ಮೂಲ ಅಂತ ನನ್ನ ಗುಮಾನಿ. ಟ್ಯೂಬ್ ಆಂಪಿಗೆ ಸ್ವಲ್ಪ ಗೇನ್ ಕೊಟ್ಟರೆ ಬೆರಳಿನ ಏರುಪೇರು ಸರಿಹೋಗುತ್ತದೆ. ಒಂದು ತಂತಿ ಸರಿಯಾಗಿ ಒತ್ತದಿದ್ದರೂ ಉಳಿದ ಐದು ಅದನ್ನು ನುಂಗಿಕೊಳ್ಳುತ್ತವೆ. ಇದರಲ್ಲಿ ಕಾರ್ಡ್ ಬದಲಿಸುವಾಗ ಬೆರಳು ಎತ್ತಿದ್ದು ಕೇಳುತ್ತದೆ, ಪಿಕ್ ತಂತಿಗೆ ತಾಗುವ ಮೊದಲಿನ ಟಕ್ ಕೇಳುತ್ತದೆ, ಮೂರನೇ ತಂತಿ ಕೂದಲೆಳೆಯಷ್ಟು ಇಳಿದಿದ್ದರೂ ಕೇಳುತ್ತದೆ. ಎರಡು ನಿಮಿಷ ನುಡಿಸಿ ಮುಖ ಸಪ್ಪೆ ಮಾಡಿಕೊಂಡವರಿಗೆ ಕೇಳಿಸಿದ್ದು ಆಂಪಾ, ಅವರ ಬಲಗೈಯಾ ಅಂತ ನನಗೆ ಯಾವಾಗಲೂ ಸಂಶಯ. ಕೇಳಿಲ್ಲ. ಕೇಳುವುದು ಚಂದ ಅಲ್ಲ.

ಟ್ರಾನ್ಸಿಸ್ಟರಿನಲ್ಲಿ ಏನೂ ಇಲ್ಲ ಅನ್ನುವವರಿಗೆ ಹೇಳಲು ನನ್ನ ಹತ್ತಿರ ಒಂದು ಹೆಸರೂ ಉಂಟು. ಬ್ಲೂಸ್ ಗಿಟಾರಿನ ಬಿ.ಬಿ. ಕಿಂಗ್ ವರ್ಷಗಟ್ಟಲೆ ಸ್ಟೇಜಿನಲ್ಲಿ ಬಳಸಿದ ಲ್ಯಾಬ್ ಸೀರೀಸ್ ಎಲ್5 ಕೂಡ ಟ್ರಾನ್ಸಿಸ್ಟರ್ ಆಂಪೇ. ಒಂದೇ ಸ್ವರವನ್ನು ನಡುಗಿಸಿ ಹಾಲನ್ನೇ ಸುಮ್ಮನಾಗಿಸುತ್ತಿದ್ದ ಮನುಷ್ಯ. ಅವರಿಗೆ ಸಾಕಾದದ್ದು ನಮಗೆ ಸಾಲುವುದಿಲ್ಲವಾ?

ಕ್ರಿಶ್ಚಿಯನ್ ಮದುವೆಯ ರಿದಂ ಗಿಟಾರು

ಮಾವ ಊರಿಗೆ ಬಂದ ಮೇಲೆ ಇಲ್ಲಿನ ಮದುವೆ ಬ್ಯಾಂಡುಗಳ ಜೊತೆ ನುಡಿಸಿದರು. ಮಂಗಳೂರಿನ ಕ್ರಿಶ್ಚಿಯನ್ ಮದುವೆಯ ರಿಸೆಪ್ಷನ್ನಿಗೆ ಹೋದವರಿಗೆ ಆ ಕ್ರಮ ಗೊತ್ತು. ಗ್ರ್ಯಾಂಡ್ ಮಾರ್ಚು, ಕೇಕು, ಟೋಸ್ಟು, ನಿಧಾನದ ವಾಲ್ಟ್ಝು, ಆಮೇಲೆ ಮಸಾಲಾ ಅನ್ನುವ ಕುಣಿತ ಶುರುವಾದರೆ ಅಜ್ಜಿಯಂದಿರೂ ಎದ್ದು ಕುಣಿಯುತ್ತಾರೆ. ಮುಂದೆ ಸ್ಯಾಕ್ಸೋಫೋನು, ಟ್ರಂಪೆಟ್ಟು, ಹಾಡುವವರು. ಹಿಂದೆ ಡ್ರಮ್ಮು. ಗಿಟಾರಿಗೆ ಸಿಗುವುದು ನಡುವಿನ ಸಂದು. ಅಲ್ಲಿ ಮಾವನ ಕೆಲಸ ‘ಚಕ್, ಚಕ್’ ಅಂತ ಸರಿಯಾದ ಜಾಗದಲ್ಲಿ ಕಾರ್ಡ್ ಇಡುವುದು. ಸೋಲೋ ಅಂತ ಏನೂ ಇಲ್ಲ.

ಹೈಸ್ಕೂಲಿನಲ್ಲಿದ್ದಾಗ ನಾನು ಅವರ ಜೊತೆ ಹೋಗಿ ಈ ಪೆಟ್ಟಿಗೆ ಎತ್ತಲು ಕೈ ಕೊಡುತ್ತಿದ್ದೆ. ಬಿರಿಯಾನಿ, ಐಸ್‌ಕ್ರೀಂ ಸಂಬಳ. ಅವರು ನಾಬು ತಿರುಗಿಸುವ ರೀತಿ ಕಣ್ಣಿಗೆ ಕಟ್ಟಿದ ಹಾಗಿದೆ. ಮೊದಲು ಟ್ರೆಬಲನ್ನು ಅರ್ಧಕ್ಕಿಂತ ಕೆಳಗೆ ಇಳಿಸುತ್ತಿದ್ದರು. ಯಾಕೆಂದರೆ ಇದರ ಟ್ರೆಬಲ್ ಪೂರ್ತಿ ಬಿಟ್ಟರೆ ಹಲ್ಲಿಗೆ ತಣ್ಣೀರು ತಾಗಿದ ಹಾಗೆ. ಬ್ರೈಟ್ ಸ್ವಿಚ್ಚು ಆಫ್. ಮಿಡಲ್ ಮಾತ್ರ ಬೇರೆಯವರಿಗಿಂತ ಜಾಸ್ತಿ. ಬಾಸ್ ಕಡಿಮೆ, ‘ಕೆಳಗೆ ಬಾಸ್ ಗಿಟಾರಿನವ ಇದ್ದಾನಲ್ಲ, ಅವನ ಜಾಗಕ್ಕೆ ನಾವು ಯಾಕೆ?’ ರಿವರ್ಬ್ ಎರಡರ ಹತ್ತಿರ. ಆಮೇಲೆ ಗಿಟಾರಿನ ವಾಲ್ಯೂಮನ್ನು ಏಳಕ್ಕೆ ಇಳಿಸಿ, ಹಾಲಿನ ಕೊನೆಯವರೆಗೆ ನಡೆದು ಹೋಗಿ, ಅಲ್ಲಿಂದ ನನಗೆ ಕೈ ಸನ್ನೆ ಮಾಡುತ್ತಿದ್ದರು. ನಾನು ಒಂದು ಜಿ ಮೇಜರ್ ಮೀಟಬೇಕು. ಅವರಿಗೆ ಸರಿ ಅನ್ನಿಸಿದರೆ ತಲೆ ಅಲ್ಲಾಡಿಸುವುದು. ಆ ರಾತ್ರಿಗೆ ನಾಬು ಮುಟ್ಟುವ ಮಾತೇ ಇಲ್ಲ.

ಆ ಜಿ ಮೇಜರಿನಲ್ಲಿ ಆರು ತಂತಿಯೂ ಬೇರೆ ಬೇರೆ ಕೇಳುತ್ತಿದ್ದವು. ಟ್ರಂಪೆಟ್ಟಿನ ಕೆಳಗೂ ಕೇಳುತ್ತಿದ್ದವು. ಅದೇ ಹಾಲುಗಳಲ್ಲಿ ಬೇರೆ ಬ್ಯಾಂಡಿನವರು ಕಾಲಲ್ಲಿ ಒತ್ತುವ ಫಝ್ ಪೆಡಲು ಹಾಕಿ, ಸೌಂಡು ಒಡೆದು ನುಡಿಸಿದ ಗಿಟಾರು ಹಿಂದಿನ ಸಾಲಿಗೆ ಬರೀ ಗುಂಯ್ ಅಂತ ಮುಟ್ಟುತ್ತಿತ್ತು. ಏಳನೇ ಸ್ವರ ಸೇರಿಸಿದ ಕಾರ್ಡುಗಳು, ವಾಲ್ಟ್ಝಿನ ಡಿಮಿನಿಶ್ಡ್ ಕಾರ್ಡುಗಳು ಇವೆಲ್ಲ ಅರ್ಥವಾಗಬೇಕಾದರೆ ಸ್ವರಗಳು ಒಂದರ ಮೇಲೊಂದು ಮಸುಕಾಗಬಾರದು. ಈ ಆಂಪಿನ ಹೆಸರಿನಲ್ಲಿ ಜಾಝ್ ಅಂತ ಇರುವುದಕ್ಕೆ ಅರ್ಥ ಉಂಟು. ಹಾಗಂತ ಜಾಝ್‌ನವರು ಮಾತ್ರ ಇಟ್ಟುಕೊಂಡದ್ದಲ್ಲ. ದಿ ಕ್ಯೂರ್ ಬ್ಯಾಂಡಿನ ರಾಬರ್ಟ್ ಸ್ಮಿತ್ ಇದನ್ನು ನೆಚ್ಚಿಕೊಂಡವರು. ಮೆಟಾಲಿಕಾದಂಥ ಮೆಟಲ್ ಬ್ಯಾಂಡಿನವರೂ ಗದ್ದಲದ ನಡುವೆ ಶಾಂತವಾದ ಭಾಗ ಬಂದಾಗ ಇದರ ಕಡೆಗೇ ತಿರುಗಿದರು.

ಎರಡು ಕೋನಿನ ನಡುವೆ

ಈಗ ಕೋರಸ್ಸಿಗೆ ಬರುತ್ತೇನೆ. ಇದನ್ನು ನಾನು ಮಾತಿನಲ್ಲಿ ಕಲಿತದ್ದಲ್ಲ. ಒಂದು ಮಧ್ಯಾಹ್ನ ಮಾವ ಚಾವಡಿಯಲ್ಲಿ ಆಂಪು ಹಾಕಿ, ಕೋರಸ್ ಸ್ವಿಚ್ಚು ಒತ್ತಿ, ಒಂದೇ ಕಾರ್ಡನ್ನು ನಿಧಾನಕ್ಕೆ ಮೀಟುತ್ತಾ ನನ್ನನ್ನು ಎದುರು ಕೂರಿಸಿದರು. ‘ಒಂದು ಬದಿಗೆ ಕಿವಿ ಇಡು.’ ನೆಲಕ್ಕೆ ಮೊಣಕಾಲೂರಿ ಬಟ್ಟೆಗೆ ಕಿವಿ ತಾಗುವಷ್ಟು ಹತ್ತಿರ ಹೋದೆ. ಒಣ ಗಿಟಾರು. ಏನೂ ವಿಶೇಷ ಇಲ್ಲ. ‘ಈಗ ಆಚೆ ಬದಿ.’ ಅಲ್ಲಿ ಅದೇ ಕಾರ್ಡು, ಆದರೆ ಶ್ರುತಿ ಸ್ವಲ್ಪ ಮೇಲೆ ಹೋಗುತ್ತದೆ, ಸ್ವಲ್ಪ ಕೆಳಗೆ ಬರುತ್ತದೆ. ಟೇಪು ಹಳತಾದ ಕ್ಯಾಸೆಟ್ಟಿನ ಹಾಗೆ. ಒಂದು ರೀತಿ ತಲೆ ತಿರುಗುವ ಸೌಂಡು. ಮೊದಲಿಗಿಂತ ಸ್ವಲ್ಪ ಮಂಕು ಕೂಡ. ‘ಈಗ ಎದ್ದು ಹಿಂದೆ ಹೋಗು.’ ಬಾಗಿಲಿನವರೆಗೆ ಹೋದೆ. ಆಗ ಎರಡೂ ಸೇರಿ ಚಾವಡಿ ಪೂರ್ತಿ ತುಂಬಿತು. ಎಲ್ಲಿಂದ ಬರುತ್ತಿದೆ ಅಂತ ಬೆರಳು ತೋರಿಸಲು ಆಗುವುದಿಲ್ಲ. ಅಡಿಗೆಮನೆಯಿಂದ ಅತ್ತೆ ಇಣುಕಿ ‘ಇದು ಚಂದ ಉಂಟು’ ಅಂದರು. ಫ್ರಿಜ್ಜಿನ ವಿಷಯದಲ್ಲಿ ಆ ಆಂಪಿಗೆ ಸಿಕ್ಕ ಏಕೈಕ ಕ್ಷಮೆ ಅದೇ ಇರಬೇಕು.

ಒಂದು ಸ್ಪೀಕರಿನಲ್ಲಿ ಮೂಲ ಸೌಂಡು, ಇನ್ನೊಂದರಲ್ಲಿ ತಡವಾಗಿ ಬರುವ ಸೌಂಡು. ಪೆಟ್ಟಿಗೆಯೊಳಗೆ ಅವೆರಡನ್ನೂ ಸೇರಿಸುವುದೇ ಇಲ್ಲ. ಸೇರುವುದು ಹೊರಗೆ, ಗಾಳಿಯಲ್ಲಿ. ಇದಕ್ಕಾಗಿಯೇ ಎರಡು ಪವರ್ ಆಂಪು. ನಮ್ಮೂರ ಭಜನಾ ಮಂದಿರದಲ್ಲಿ ಇಪ್ಪತ್ತು ಜನ ಒಂದೇ ಸಾಲು ಹಾಡುವಾಗ ಯಾರೂ ಕರಾರುವಾಕ್ಕಾಗಿ ಒಟ್ಟಿಗೆ ಇರುವುದಿಲ್ಲ. ಒಬ್ಬರು ಒಂದು ಚೂರು ಹಿಂದೆ, ಇನ್ನೊಬ್ಬರು ಶ್ರುತಿಯಲ್ಲಿ ಒಂದು ಎಳೆ ಮೇಲೆ. ಆ ಸಣ್ಣ ಸಣ್ಣ ವ್ಯತ್ಯಾಸದಿಂದಲೇ ದನಿ ದಪ್ಪವಾಗುವುದು. ಇಲ್ಲಿ ಇಪ್ಪತ್ತರ ಬದಲು ಇಬ್ಬರು, ಅಷ್ಟೇ.

ತಡಮಾಡುವ ಕೆಲಸ ಮಾಡುವುದು ಒಂದು ಚಿಪ್ಪು. ಫಿಲಿಪ್ಸ್ ಕಂಪನಿಯ ಎಂಜಿನಿಯರುಗಳು 1969ರಲ್ಲಿ ಬಕೆಟ್ ಬ್ರಿಗೇಡ್ ಅನ್ನುವ ಸರ್ಕಿಟ್ ಕಂಡುಹಿಡಿದರು. ಸಾಲಾಗಿ ಸಣ್ಣ ಕೆಪಾಸಿಟರುಗಳು. ಒಂದು ಕ್ಲಾಕಿನ ತಾಳಕ್ಕೆ ಸರಿಯಾಗಿ ಒಂದರಿಂದ ಮುಂದಿನದಕ್ಕೆ ಚಾರ್ಜು ದಾಟಿಸುತ್ತಾ ಹೋಗುತ್ತವೆ. ಈ ಕಡೆಯಿಂದ ಹಾಕಿದ್ದು ಆ ಕಡೆ ತಲುಪಲು ಸ್ವಲ್ಪ ಹೊತ್ತು ಬೇಕು. ಹಳೇ ಜಾಝ್ ಕೋರಸ್ಸುಗಳಲ್ಲಿ ಇದ್ದದ್ದು ಜಪಾನಿನ ಮತ್ಸುಷಿತಾ ಕಂಪನಿಯವರ ಎಂಎನ್3002 ಚಿಪ್ಪು, ಅದರಲ್ಲಿ 512 ಹಂತ. ಒಂದೊಂದು ಕ್ಲಾಕಿಗೆ ಎರಡು ಹಂತದಂತೆ ದಾಟುತ್ತದೆ. ಕ್ಲಾಕ್ ಸೆಕೆಂಡಿಗೆ 50 ಸಾವಿರ ಸಲ ಮಿಡಿದರೆ ತಡವಾಗುವುದು ಸುಮಾರು 5 ಮಿಲಿಸೆಕೆಂಡು. ಅಷ್ಟು ಹೊತ್ತಿನಲ್ಲಿ ಸೌಂಡು ನಮ್ಮ ಊರಿನ ಸೆಕೆಯಲ್ಲಿ ಹೆಚ್ಚುಕಡಿಮೆ ಒಂದೂ ಮುಕ್ಕಾಲು ಮೀಟರ್ ಹೋಗುತ್ತದೆ. ಅಂದರೆ ಒಂದು ಸ್ಪೀಕರನ್ನು ಅಷ್ಟು ದೂರ ಹಿಂದೆ ಇಟ್ಟದ್ದಕ್ಕೆ ಸಮ. ಕ್ಲಾಕನ್ನು ಮೆಲ್ಲಗೆ ವೇಗ, ನಿಧಾನ ಮಾಡುತ್ತಾ ಇದ್ದರೆ ಆ ಸ್ಪೀಕರನ್ನು ಯಾರೋ ಹಿಂದೆ ಮುಂದೆ ಸರಿಸುತ್ತಾ ಇದ್ದದ್ದಕ್ಕೆ ಸಮ. ಶ್ರುತಿ ಏರಿಳಿಯುವುದು ಅದಕ್ಕೇ. ಮಂಕಾಗುವುದಕ್ಕೂ ಕಾರಣ ಇದೆ. ಕ್ಲಾಕಿನ ಶಬ್ದ ಹೊರಗೆ ಬರದಂತೆ ಫಿಲ್ಟರ್ ಹಾಕಲೇಬೇಕು, ಅದು ಜೊತೆಗೆ ಸ್ವಲ್ಪ ಟ್ರೆಬಲ್ಲನ್ನೂ ತಿನ್ನುತ್ತದೆ.

ಮಜಾ ಏನೆಂದರೆ ಹಳೇ ಮಾಡೆಲಿನಲ್ಲಿ ಕೋರಸ್ಸಿಗೆ ಯಾವ ಹೊಂದಾಣಿಕೆಯೂ ಇಲ್ಲ. ಸ್ಪೀಡ್, ಡೆಪ್ತ್ ನಾಬುಗಳಿವೆ, ಆದರೆ ಅವು ವೈಬ್ರಾಟೋಗೆ ಮಾತ್ರ. ಕೋರಸ್ ಬೇಕಾ, ಅವರು ಇಟ್ಟದ್ದೇ. ಈಗಿನ ಪೆಡಲುಗಳಲ್ಲಿ ಐದಾರು ನಾಬು, ಜೊತೆಗೊಂದು ಮೊಬೈಲ್ ಆ್ಯಪು ಇರುವ ಕಾಲದಲ್ಲಿ ಇದು ಜಬರ್ದಸ್ತಿ ಅನ್ನಿಸಬಹುದು. ನನಗೆ ಮಾತ್ರ ಇದೇ ಹಿತ. 1976ರಲ್ಲಿ ರೋಲಾಂಡಿನವರದ್ದೇ ಬಾಸ್ (Boss) ಅನ್ನುವ ಬ್ರ್ಯಾಂಡಿನಲ್ಲಿ ಬಂದ ಸಿಇ-1 ಪೆಡಲು ಇದೇ ಸರ್ಕಿಟ್ಟಿನದ್ದು. ಕೋರಸ್ ಪೆಡಲು ಅಂತ ಈಗ ಅಂಗಡಿಯಲ್ಲಿ ಸಿಗುವ ಎಲ್ಲದಕ್ಕೂ ಅದು ಅಜ್ಜ.

ಈ ಗಾಳಿಯ ವಿಷಯ ಗೊತ್ತಿಲ್ಲದೆ ಎಡವಟ್ಟಾಗುವುದನ್ನು ನಾನು ತುಂಬಾ ಕಡೆ ನೋಡಿದ್ದೇನೆ. ಕಾಲೇಜು ಫೆಸ್ಟೋ, ಚರ್ಚಿನ ಹಬ್ಬದ ಪ್ರೋಗ್ರಾಮೋ ಇದ್ದರೆ ಸೌಂಡಿನವರು ಬಂದು ಆಂಪಿನ ಎದುರು ಒಂದು ಮೈಕ್ ಇಟ್ಟು ಹೋಗುತ್ತಾರೆ. ಒಂದೇ ಮೈಕು, ಒಂದು ಕೋನಿಗೆ ತಾಗಿಸಿ. ಒಣ ಬದಿಗೆ ಇಟ್ಟರೆ ಜನರಿಗೆ ಕೋರಸ್ಸೇ ಇಲ್ಲ. ಇನ್ನೊಂದು ಬದಿಗೆ ಇಟ್ಟರೆ ಗಿಟಾರು ಶ್ರುತಿ ತಪ್ಪಿ ತೇಲಾಡುತ್ತದೆ, ನುಡಿಸುವವ ಸ್ಟೇಜಿನ ಮೇಲೆ ಕಣ್ಣು ಮುಚ್ಚಿ ಆನಂದದಲ್ಲಿರುತ್ತಾನೆ. ಎರಡು ಮೈಕ್ ಕೇಳಿದರೆ ‘ಒಂದು ಗಿಟಾರಿಗೆ ಎರಡು ಎಂತಕ್ಕೆ?’ ಅನ್ನುವ ಉತ್ತರ. ಅದೂ ನ್ಯಾಯವೇ, ಮಿಕ್ಸರಿನಲ್ಲಿ ಚಾನೆಲ್ ಖಾಲಿ ಇರಬೇಕಲ್ಲ. ಎರಡು ಮೈಕ್ ಇಟ್ಟು ಎಡಕ್ಕೊಂದು ಬಲಕ್ಕೊಂದು ಬಿಟ್ಟರೆ ಮಾತ್ರ ಸ್ವಲ್ಪ ಹತ್ತಿರ ಬರುತ್ತದೆ. ಆಗದಿದ್ದರೆ ಕೋರಸ್ ಆಫ್ ಮಾಡಿ ನುಡಿಸುವುದೇ ಒಳ್ಳೆಯದು.

ಹೆಡ್‌ಫೋನಿನದ್ದು ಬೇರೆ ಕಥೆ. ಈಗ ಸಣ್ಣ ಪೆಡಲಿನಲ್ಲೂ ಫೋನಿನಲ್ಲೂ ಈ ಆಂಪಿನ ಡಿಜಿಟಲ್ ನಕಲು ಸಿಗುತ್ತದೆ. ಕೇಳಿದ್ದೇನೆ, ಕೆಲವು ನಿಜವಾಗಿ ಚೆನ್ನಾಗಿವೆ. ಆದರೆ ಹೆಡ್‌ಫೋನಿನಲ್ಲಿ ಒಣ ಸೌಂಡು ಒಂದು ಕಿವಿಗೆ, ತಡವಾದದ್ದು ಇನ್ನೊಂದು ಕಿವಿಗೆ. ನಡುವೆ ಗಾಳಿ ಇಲ್ಲ, ಗೋಡೆ ಇಲ್ಲ, ರೆಡ್ ಆಕ್ಸೈಡ್ ನೆಲ ಇಲ್ಲ. ಎರಡೂ ಸೇರುವುದು ತಲೆಯೊಳಗೆ. ಅದೂ ಒಂದು ಸೌಂಡೇ, ಆದರೆ ಬೇರೆ ಸೌಂಡು.

ಮಳೆಗಾಲದ ರಿಪೇರಿ

ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮೇಲೆ ಮಳೆ ಬೀಳುವ ಊರಿನಲ್ಲಿ, ಸಮುದ್ರದ ಉಪ್ಪು ಗಾಳಿಯಲ್ಲಿ, ಎಲೆಕ್ಟ್ರಾನಿಕ್ಸ್ ಸಾಮಾನು ಇಟ್ಟುಕೊಳ್ಳುವುದು ಒಂದು ವ್ರತವೇ. ಚರ್ಮದ ಬೆಲ್ಟಿಗೆ ಬೂಸಲು ಬರುವ ಹಾಗೆ ಸ್ಪೀಕರಿನ ಕಾಗದಕ್ಕೂ ಬರುತ್ತದೆ. ಒಂದು ಜುಲೈಯಲ್ಲಿ ಆಂಪು ಕರಕರ ಅನ್ನಲು ಶುರುಮಾಡಿತು. ವಾಲ್ಯೂಮ್ ನಾಬು ಮುಟ್ಟಿದರೆ ಕರಕರ, ಕೇಬಲ್ ಅಲ್ಲಾಡಿಸಿದರೆ ಸೌಂಡೇ ಮಾಯ. ಜೊತೆಗೆ ಹಿಂದೆ ಇಲ್ಲದ ಒಂದು ಹಮ್. ಹಂಪನಕಟ್ಟೆಯ ಹಿಂದಿನ ಒಂದು ಓಣಿಯಲ್ಲಿ ಹಳಬರೊಬ್ಬರು ರೇಡಿಯೋ, ಮೈಕ್‌ಸೆಟ್ ರಿಪೇರಿ ಮಾಡುತ್ತಾರೆ. ಯಕ್ಷಗಾನ ಮೇಳದ ಮೈಕಿನಿಂದ ಹಿಡಿದು ಮಸೀದಿಯ ಹಾರ್ನ್‌ವರೆಗೆ ಎಲ್ಲ ಅವರ ಬೆಂಚಿನ ಮೇಲೆ ಬರುತ್ತದೆ. ಅಲ್ಲಿಗೆ ಹೊತ್ತುಕೊಂಡು ಹೋದೆ.

ಅವರು ಸ್ಕ್ರೂ ಬಿಚ್ಚಿ ಚಾಸಿಸ್ ಹೊರಗೆಳೆದರು. ಒಳಗೆ ಒಂದು ಹಲ್ಲಿ ಮೊಟ್ಟೆಯ ಸಿಪ್ಪೆ. ಇನ್‌ಪುಟ್ ಜ್ಯಾಕಿನ ನಾಲಿಗೆಯ ಮೇಲೆ ಹಸಿರು ಕಿಲುಬು. ಪವರ್ ಸಪ್ಲೈಯ ದೊಡ್ಡ ಕೆಪಾಸಿಟರೊಂದರ ತಲೆ ಸ್ವಲ್ಪ ಉಬ್ಬಿತ್ತು. ಹಮ್ಮಿಗೆ ಕಾರಣ ಅದೇ ಅಂದರು. ಎಲೆಕ್ಟ್ರೋಲೈಟಿಕ್ ಕೆಪಾಸಿಟರಿನ ಒಳಗಿನ ದ್ರವ ವರ್ಷಗಟ್ಟಲೆಯಲ್ಲಿ ಒಣಗಿಹೋಗುತ್ತದೆ, ಆಂಪು ಬಳಸಿದರೂ ಬಳಸದಿದ್ದರೂ. ಆಮೇಲೆ ಅದಕ್ಕೆ ಮೈನ್ಸಿನ ಅಲೆಯನ್ನು ಸಪಾಟು ಮಾಡುವ ತಾಕತ್ತು ಇರುವುದಿಲ್ಲ. ಹೊಸದು ಹಾಕಿದರು. ನಾಬುಗಳ ಹಿಂದಿನ ಪಾಟುಗಳಿಗೆ ಕ್ಲೀನರ್ ಸ್ಪ್ರೇ ಹೊಡೆದು ಒಂದೊಂದನ್ನೂ ಆ ತುದಿಯಿಂದ ಈ ತುದಿಗೆ ತಿರುಗಿಸಿ ತಿರುಗಿಸಿ ಬಿಟ್ಟರು. ಜ್ಯಾಕಿನ ಕಿಲುಬನ್ನು ಪೆನ್ಸಿಲ್ ರಬ್ಬರಿನಲ್ಲಿ ಉಜ್ಜಿದರು.

ನನಗೆ ತುಂಬಾ ಇಷ್ಟವಾದದ್ದು ಕೊನೆಯ ಕೆಲಸ. ಆಂಪನ್ನು ನೇರ ಪ್ಲಗ್ಗಿಗೆ ಹಾಕಲಿಲ್ಲ. ಅವರ ಹತ್ತಿರ ಸೀರೀಸ್ ಬೋರ್ಡ್ ಉಂಟು. ಒಂದು ಹಳೇ 100 ವ್ಯಾಟಿನ ಬಲ್ಬು, ಅದರ ಮೂಲಕ ಹೋದ ಕರೆಂಟೇ ಆಂಪಿಗೆ ಹೋಗಬೇಕು. ಒಳಗೆ ಎಲ್ಲಾದರೂ ಶಾರ್ಟ್ ಇದ್ದರೆ ಬಲ್ಬು ಪೂರ್ತಿ ಉರಿಯುತ್ತದೆ, ಆಂಪು ಬಚಾವ್. ಸರಿ ಇದ್ದರೆ ಒಮ್ಮೆ ಭಗ್ ಅಂತ ಬೆಳಗಿ ಮಂಕಾಗುತ್ತದೆ. ಕೆಪಾಸಿಟರು ತುಂಬುವ ಹೊತ್ತು ಮಾತ್ರ ಅದು. ಸ್ವಿಚ್ ಹಾಕಿದರು. ಬಲ್ಬು ಭಗ್ ಅಂದು, ಕೆಂಪಗಾಗಿ, ಆರಿದ ಹಾಗಾಯಿತು. ‘ಪಾಸ್’ ಅಂದರು.

‘ಇದರಲ್ಲಿ ವಿಶೇಷ ಎಂತ ಇಲ್ಲ ಮಾರ್ರೆ. ಔಟ್‌ಪುಟ್ ಸೆಕ್ಷನ್ ನಮ್ಮ ಅಹುಜಾ ಮೈಕ್‌ಸೆಟ್ಟಿನ ಹಾಗೇ ಉಂಟು. ಎರಡು ಉಂಟು, ಅಷ್ಟೇ.’ ಎಷ್ಟೋ ಗಿಟಾರಿನವರಿಗೆ ಈ ಮಾತು ಕೇಳಿದರೆ ನೋವಾಗಬಹುದು. ನನಗೆ ಖುಷಿಯಾಯಿತು. ಮೈಕ್‌ಸೆಟ್ಟಿನ ಆಂಪು ಮಾಡಬೇಕಾದದ್ದು ಒಂದೇ, ಕೊಟ್ಟದ್ದನ್ನು ದೊಡ್ಡದು ಮಾಡಿ ಕೊಡುವುದು. ಭಾಗವತರ ದನಿಗೆ ಅದು ತನ್ನದೇನನ್ನೂ ಸೇರಿಸಬಾರದು. ಈ ಪೆಟ್ಟಿಗೆಯೂ ಗಿಟಾರಿಗೆ ಅದನ್ನೇ ಮಾಡುತ್ತದೆ. ಇನ್ನೊಂದು ಲಾಭ ಏನೆಂದರೆ ಅಂಥ ಸರ್ಕಿಟ್ ಗೊತ್ತಿರುವವರು ಕರಾವಳಿಯ ಪ್ರತಿ ಪೇಟೆಯಲ್ಲೂ ಇದ್ದಾರೆ. ವಾಲ್ವ್ ಆಂಪು ಕೈಕೊಟ್ಟರೆ ಈಗ ವಾಲ್ವ್ ಎಲ್ಲಿಂದ ತರಿಸುವುದು, ಬಯಾಸ್ ಯಾರು ಹೊಂದಿಸುವುದು, ಒಳಗಿನ ನಾನ್ನೂರು ವೋಲ್ಟಿಗೆ ಕೈ ಹಾಕುವ ಧೈರ್ಯ ಯಾರಿಗೆ? ಹಿಂದೆ ಬೆಂಗಳೂರಿನ ಬಿಇಎಲ್‌ನವರೇ ರೇಡಿಯೋ ವಾಲ್ವ್ ತಯಾರಿಸುತ್ತಿದ್ದ ಕಾಲ ಇತ್ತು. ಅದು ಮುಗಿದು ಎಷ್ಟೋ ವರ್ಷವಾಯಿತು.

ಉಳಿದದ್ದು ಹಿಸ್

ಇದರ ದೋಷ ಹೇಳದಿದ್ದರೆ ತಪ್ಪಾಗುತ್ತದೆ. ಹಿಸ್ ಇದೆ. ಯಾರೂ ನುಡಿಸದೆ ಇದ್ದಾಗ ಎರಡನೇ ಚಾನೆಲಿನಿಂದ ಸುಯ್ ಅಂತ ಬರುತ್ತಲೇ ಇರುತ್ತದೆ. ಕೋರಸ್ ಹಾಕಿದರೆ ಇನ್ನೂ ಸ್ವಲ್ಪ ಜಾಸ್ತಿ, ಬಕೆಟ್ ಬ್ರಿಗೇಡ್ ಚಿಪ್ಪಿನ ಸ್ವಭಾವವೇ ಹಾಗೆ. ರಿವರ್ಬಿನ ಸ್ಪ್ರಿಂಗು ಪೆಟ್ಟಿಗೆಯ ಒಳಗೇ ತೂಗುತ್ತಿರುವುದರಿಂದ ಯಾರಾದರೂ ಕಾಲು ತಾಗಿಸಿದರೆ ಸಿಡಿಲು ಬಡಿದ ಶಬ್ದ. ಮದುವೆಯಲ್ಲಿ ಒಮ್ಮೆ ಟೋಸ್ಟ್ ಹೇಳುವವರ ಮಾತಿನ ನಡುವೆ ಒಬ್ಬ ಹುಡುಗ ಓಡಿ ಬಂದು ಡಿಕ್ಕಿ ಹೊಡೆದು, ಅವರು ಗ್ಲಾಸು ಕೆಳಗೆ ಹಾಕಿದ್ದನ್ನು ನೋಡಿದ್ದೇನೆ. ಹೊಸ ಒಪ್-ಆಂಪ್ ಚಿಪ್ಪು ಹಾಕಿ ಹಿಸ್ ಕಡಿಮೆ ಮಾಡಬಹುದು ಅಂತ ಗೆಳೆಯರು ಹೇಳುತ್ತಾರೆ. ಓಣಿಯ ಮೇಸ್ತ್ರಿಯವರೂ ರೆಡಿ. ನಾನು ಬೇಡ ಅಂದೆ. ಒಣಗಿದ ಕೆಪಾಸಿಟರ್ ಬದಲಾಯಿಸುವುದು ಬೇರೆ, ಸರಿ ಇರುವುದನ್ನು ಕೀಳುವುದು ಬೇರೆ. ನುಡಿಸುವಾಗ ಆ ಹಿಸ್ ಕೇಳುವುದಿಲ್ಲ. ನುಡಿಸದಿದ್ದಾಗ ಸ್ವಿಚ್ ಆಫ್ ಮಾಡಿದರಾಯಿತು.

ಮೊನ್ನೆ ಬೆಂಗಳೂರಿನಿಂದ ಒಬ್ಬರು ಫೋನ್ ಮಾಡಿದ್ದರು. ಹಳೇ ಆಂಪುಗಳನ್ನು ಕೊಂಡು ಮಾರುವವರು. ಒಳ್ಳೆ ರೇಟೇ ಹೇಳಿದರು. ‘ಸರ್, ಕೋರಸ್ ಹಾಕಿ ಒಂದು ಕ್ಲಿಪ್ ವಾಟ್ಸಾಪ್ ಮಾಡಿ, ಕೇಳಿ ಫೈನಲ್ ಮಾಡ್ತೀನಿ’ ಅಂದರು. ಫೋನಿನ ಮೈಕಿನಲ್ಲಿ ಅದು ಬರುವುದಿಲ್ಲ, ಒಮ್ಮೆ ಬಂದು ಎದುರು ನಿಂತು ಕೇಳಿ ಅಂದೆ. ಶಿರಾಡಿ ಘಾಟಿ ಸರಿಯಾದ ಮೇಲೆ ಬರುತ್ತೇನೆ ಅಂತ ಹೇಳಿದ್ದಾರೆ. ನನಗೂ ಮಾರುವ ಅರ್ಜೆಂಟ್ ಏನಿಲ್ಲ.